ಒಂದ್ ಪ್ರಿಂಟರ್ ಇತ್ತ್

ನಮ್ಮ ಮನೆಯವರು ಮೀನಿನ ವ್ಯಾಪಾರದಲ್ಲಿ ಯಾರನ್ನೂ ನಂಬಿದವರಲ್ಲ. ಪೆಟ್ಟಿಗೆಯ ಮೇಲಿನ ಸಾಲಿನ ಮೀನು ನೋಡಿ ದರ ಹೇಳುವ ಜಾತಿಯಲ್ಲ ಅವರದು. ಐಸಿನೊಳಗೆ ಕೈ ಹಾಕಿ, ಅಡಿಯ ಮೀನು ಎಳೆದು, ಕಿವಿರು ಬಿಡಿಸಿ ನೋಡಿದ ಮೇಲೇ ಮಾತು. ಇಂಥವರಿಗೆ ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಕುಂದಾಪುರದ ಅಂಗಡಿಯವನು ಕಂಪ್ಯೂಟರಿನ ಜೊತೆಗೆ ಒಂದು ಭದ್ರತಾ ಸಾಫ್ಟ್‌ವೇರನ್ನೂ ಹಾಕಿ ಕೊಟ್ಟ. ಅನುಮಾನವನ್ನೇ ಕಸುಬು ಮಾಡಿಕೊಂಡ ಎರಡು ಜೀವಗಳು ಹೀಗೆ ಕುಂಭಾಶಿಯ ನಮ್ಮ ಜಗಲಿಯಲ್ಲಿ ಒಂದಾದವು.

ಆ ಸಾಫ್ಟ್‌ವೇರಿನ ಕೆಲಸ ಇಷ್ಟೇ. ಹೊರಗಿನ ಯಂತ್ರ ಯಾವುದಾದರೂ ನಮ್ಮ ಕಂಪ್ಯೂಟರಿನೊಳಗೆ ಬರಲು ನೋಡಿದರೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚೌಕ ಎದ್ದು, ಬಿಡಲೋ ತಡೆಯಲೋ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಮೊದಮೊದಲು ಅಪರೂಪಕ್ಕೆ ಕೇಳುತ್ತಿದ್ದದ್ದು, ಬರಬರುತ್ತಾ ಹೊತ್ತುಗೊತ್ತಿಲ್ಲದೆ ಕೇಳತೊಡಗಿತು. ಬರುತ್ತಿದ್ದದ್ದು ಯಾವಾಗಲೂ ಒಂದೇ ನಂಬರಿನ ಗುರುತಿಲ್ಲದ ಯಂತ್ರ. ಇವರು ತಡೆಯುವ ಗುಂಡಿ ಒತ್ತಿ ಕನ್ನಡಕ ತೆಗೆದಿಡುವುದರೊಳಗೆ ಅದು ಮತ್ತೆ ಹಾಜರು. ಗಡಿ ಕಾಯುವ ಸೈನಿಕರಿಗಾದರೂ ರಜೆ ಸಿಗುತ್ತದೆ, ನಮ್ಮವರು ಊಟಕ್ಕೂ ಏಳಲೊಲ್ಲರು.

“ಹ್ವಾಯ್, ಇಲ್ ಬಂದ್ ಕಾಣ್. ಮತ್ತ್ ಬಂದ,” ಎಂದು ಜಗಲಿಯಿಂದ ಕೂಗುವರು.

“ಯಾರ್ ಬಂದದ್ದ್?”

“ಕಳ್ಳ.”

“ಕುರ್ಚಿ ಕೊಟ್ಟ್ ಕೂಕಣ್ಕ್ ಹೇಳಿ. ಗಂಜಿ ಬಡಿಸ್ತೆ.”

ಹಾಸ್ಯ ಅವರಿಗೆ ಹಿಡಿಸಲಿಲ್ಲ. ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ನನಗೂ, ಹೆದ್ದಾರಿಯ ಬಸ್‌ಸ್ಟಾಪಿನಲ್ಲಿ ನಿಂತವರಿಗೂ ಎಲ್ಲ ಕೇಳಿಸಿತು. ಬೆಂಗಳೂರಿನ ಹುಡುಗಿ ಬಹಳ ನಯವಾಗಿ ವಿಚಾರಿಸಿದಳು.

“ಸರ್, ಈ ಕಂಪ್ಯೂಟರ್ ಬಿಟ್ಟು ನಿಮ್ಮ ಮನೆಯ ನೆಟ್‌ನಲ್ಲಿ ಬೇರೆ ಏನಾದರೂ ಇದೆಯಾ?”

“ಒಂದ್ ಪ್ರಿಂಟರ್ ಇತ್ತ್.”

“ಓ, ಇತ್ತು. ಸರಿ ಸರ್. ಬೇರೆ?”

“ಬೇರೆ ಎಂತದೂ ಇಲ್ಲೆ.”

“ಹಾಗಾದರೆ ಈಗ ನಿಮ್ಮ ಮನೆಯದು ಅಂತ ಏನೂ ಇಲ್ಲ. ಇದು ಹೊರಗಿನವರದೇ ಸರ್. ಅಕ್ಕಪಕ್ಕದವರು ಯಾರೋ ನಿಮ್ಮ ನೆಟ್ ಬಳಸ್ತಿರಬಹುದು.”

ಅಕ್ಕಪಕ್ಕ ಎಂದರೆ ನಮಗಿದ್ದದ್ದು ಒಂದೇ ಪಕ್ಕ. ಇನ್ನೊಂದು ಕಡೆ ಗದ್ದೆ. ಆ ಒಂದು ಪಕ್ಕದಲ್ಲಿ ಆಚೆಮನೆ ಅಕ್ಕ ಇದ್ದಳು. ಗಂಡ ಹೋದ ಮೇಲೆ ರವಿಕೆ ಹೊಲಿದು ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದವಳು. ತಾಯಿಯಿಲ್ಲದ ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಮುಖ ನೋಡಿ ಉಂಡೆಯಾ ಎಂದು ಕೇಳಿದವಳು ಅವಳೊಬ್ಬಳೇ. ನನ್ನ ಮಕ್ಕಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದೂ ಅವಳ ಕೈಯೇ. ಅವಳ ಮಗಳಿಗೆ ಆಗಷ್ಟೇ ಮುಂಬೈಯ ಮಾವ ಒಂದು ಲ್ಯಾಪ್‌ಟಾಪ್ ಕಳಿಸಿದ್ದ. ನಮ್ಮವರಿಗೆ ಇನ್ನೇನು ಬೇಕು.

“ಅಕ್ಕನ್ ಹೆಣ್ಣಿನ್ ಮೇಲ್ ಇಲ್ಲದ್ದ್ ಹೇಳ್ಬೇಡಿ,” ಎಂದೆ. “ಈ ಊರಂಗೆ ನಂಗಂತ ಇಪ್ಪುದ್ ಅಕ್ಕ ಒಬ್ಳೇ.”

“ನಾ ಹೇಳುದಲ್ಲ. ಕಂಪೆನಿಯವ್ರೇ ಹೇಳಿದ್ರಲೆ.”

ಕಂಪೆನಿ ಹೇಳಿದ ಮೇಲೆ ಹೆಂಡತಿಯ ಮಾತಿಗೆ ಎಲ್ಲಿಯ ಬೆಲೆ. ನಾನು ತಡೆಯುತ್ತಿದ್ದ ಹಾಗೆಯೇ ಅಂಗಳ ದಾಟಿ ಹೋಗಿ, ನಿನ್ನ ಮಗಳು ನಮ್ಮ ನೆಟ್ ಕದಿಯುತ್ತಿದ್ದಾಳೆ, ನಮ್ಮ ವ್ಯವಹಾರವನ್ನೆಲ್ಲ ಇಣುಕಿ ನೋಡುತ್ತಿದ್ದಾಳೆ ಎಂದು ಗಟ್ಟಿಯಾಗಿ ಹೇಳಿ ಬಂದರು. ಅಕ್ಕ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡಳಂತೆ, ಒಂದು ಮಾತೂ ಆಡಲಿಲ್ಲವಂತೆ. ಮಾತಾಡದ್ದೇ ಕಳ್ಳತನಕ್ಕೆ ಸಾಕ್ಷಿ ಎಂದು ನಮ್ಮವರ ತೀರ್ಮಾನ.

ಮರುದಿನ ಬೆಳಿಗ್ಗೆ ಅಕ್ಕ ಬಂದಳು. ಬ್ಯಾಗಿನ ಸಮೇತ ಲ್ಯಾಪ್‌ಟಾಪನ್ನು ನಮ್ಮ ಮೇಜಿನ ಮೇಲಿಟ್ಟಳು.

“ಇದ್ ನಿಮ್ಮಲ್ಲೇ ಇರ್ಲಿ. ಪರೀಕ್ಷೆ ಮಾಡಿ ಕಾಣಿ,” ಎಂದು ಇವರಿಗೆ ಹೇಳಿ ಹೊರಟುಹೋದಳು. ನನ್ನ ಕಡೆ ತಿರುಗಲಿಲ್ಲ.

ಇವರು ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬೀಗ ಜಡಿದರು. ಆ ಹುಡುಗಿ ಕಾಲೇಜಿನ ಕೆಲಸಕ್ಕೆ ಬಸ್ಸು ಹತ್ತಿ ಕೋಟದ ಸೈಬರ್ ಅಂಗಡಿಗೆ ಓಡಾಡತೊಡಗಿದಳು. ಕೆಂಪು ಚೌಕ ಮಾತ್ರ ಎಂದಿನಂತೆ ಬರುತ್ತಲೇ ಇತ್ತು.

“ಬೀಗ ಹಾಕಿರೂ ಬತ್ತ್ ಅಂದ್ರೆ ಭಾರೀ ಕಿಲಾಡಿ ಹೆಣ್ಣ್,” ಎಂದರು ನಮ್ಮವರು.

ಆ ವಾರ ಅಡಿಗೆಮನೆಯ ಪ್ಲಗ್ಗು ಸುಟ್ಟುಹೋಯಿತು. ಕಾಯಿ ಅರೆಯದೆ ಮೀನುಸಾರು ಆಗುವುದಿಲ್ಲವಲ್ಲ. ಮಿಕ್ಸಿಯನ್ನು ಜಗಲಿಗೆ ತಂದು, ಪ್ರಿಂಟರಿನ ಕರೆಂಟಿನ ಪ್ಲಗ್ಗು ಕಿತ್ತು, ಅಲ್ಲೇ ಸಿಕ್ಕಿಸಿದೆ. ಕಾಯಿ ಅರೆದೆ, ಸಾರು ಕುದಿಸಿದೆ, ಉಂಡೆವು. ಕೆಂಪು ಚೌಕದ ಸುದ್ದಿಯೇ ಇಲ್ಲ. ನಮ್ಮವರು ಬೀಗರು ಬಾರದ ಮದುವೆಮನೆಯವರಂತೆ ಪರದೆ ನೋಡುತ್ತಾ ಕುಳಿತಿದ್ದರು. ಮಿಕ್ಸಿ ತೆಗೆದು ಪ್ರಿಂಟರನ್ನು ಮತ್ತೆ ಸಿಕ್ಕಿಸಿದೆ. ಅದು ಗರಗರ ಎಂದು ಎದ್ದ ಸ್ವಲ್ಪ ಹೊತ್ತಿಗೆ ಕೆಂಪು ಚೌಕವೂ ಎದ್ದಿತು. ಕಿತ್ತೆ, ಮಾಯ. ಸಿಕ್ಕಿಸಿದೆ, ಹಾಜರು.

ಇಲಿ ವಯರು ಕಡಿಯುತ್ತದೆಂದು ಇವರೇ ಮಂಗಳೂರಿನಿಂದ ತಂದ, ವಯರಿಲ್ಲದೆ ಕಂಪ್ಯೂಟರಿಗೆ ಕೂಡಿಕೊಳ್ಳುವ ಪ್ರಿಂಟರು ಅದು. ಶಾಯಿ ಮುಗಿದಿದೆ ಎಂದು ಹೇಳಲೋ ಏನೋ, ಪಾಪ, ತನ್ನ ಮನೆಯ ಕಂಪ್ಯೂಟರಿನ ಬಾಗಿಲನ್ನೇ ಬಡಿಯುತ್ತಿತ್ತು. ಆಗ ಫೋನಿನ ಮಾತು ನೆನಪಾಯಿತು. ನಮ್ಮ ಕುಂದಾಪುರದ ಕಡೆ “ಇತ್ತ್” ಎಂದರೆ ಇದೆ ಎಂದೇ ಅರ್ಥ. ಬೆಂಗಳೂರಿನವಳಿಗೆ ಅದು ಹಿಂದೆಂದೋ ಇತ್ತು, ಈಗಿಲ್ಲ ಎಂದು ಕೇಳಿಸಿದೆ. ಪ್ರಿಂಟರು ಇದೆ ಎಂದು ಇವರು ಸತ್ಯವನ್ನೇ ಹೇಳಿದ್ದರು. ಆ ಸತ್ಯದಿಂದಲೇ ಪಕ್ಕದ ಮನೆಯ ಹುಡುಗಿ ಕಳ್ಳಿಯಾದಳು.

ಸಂಜೆ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಹೋದೆವು. “ಕಂಪೆನಿಯವ್ರ್ ತಪ್ಪ್ ತಿಳ್ಕಂಡದ್ದ್,” ಎಂದು ನಮ್ಮವರು ಕ್ಷಮೆಯನ್ನೂ ಬೆಂಗಳೂರಿನ ಲೆಕ್ಕಕ್ಕೇ ಹಾಕಿದರು.

“ಅಡ್ಡಿಲ್ಲೆ,” ಎಂದಳು ಅಕ್ಕ. ಮಗಳು ಬ್ಯಾಗು ತೆಗೆದುಕೊಂಡು ಒಳಗೆ ಹೋದವಳು ಮತ್ತೆ ಬರಲಿಲ್ಲ. ನಾನು ಅಭ್ಯಾಸದಂತೆ ಅಕ್ಕನ ಹಿಂದೆ ಅಡಿಗೆಮನೆಗೆ ಹೊರಟೆ. “ನೀವ್ ಕೂಕಣಿ,” ಎಂದು ಕುರ್ಚಿ ತೋರಿಸಿದಳು. ಕುಳಿತೆ. ಒಳಗೆ ಸ್ಟೋವಿನ ಸದ್ದು. ಆಮೇಲೆ ಬಾಗಿಲಲ್ಲಿ ನಿಂತು, ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದಳು.

“ನಿಮ್ಗೆ ಚಾಕ್ಕೆ ಸಕ್ರಿ ಎಷ್ಟ್ ಹಾಕ್ಕ್?”

ವರ್ಷಗಟ್ಟಲೆ ಮಧ್ಯಾಹ್ನದ ಚಾ ಅವಳ ಕೈಯಲ್ಲೇ ಕುಡಿದವಳು ನಾನು. ಒಂದು ದಿನವೂ ಸಕ್ಕರೆ ಎಷ್ಟೆಂದು ಕೇಳಿದವಳಲ್ಲ ಅವಳು, “ನೀನು” ಬಿಟ್ಟು ಬೇರೆ ಮಾತಿನಲ್ಲಿ ಕರೆದವಳೂ ಅಲ್ಲ. ಪಕ್ಕದ ಕುರ್ಚಿಯಿಂದ ನಮ್ಮ ಮನೆಯವರು, ಎಲ್ಲ ಸರಿಹೋಯಿತೆಂಬ ಸಮಾಧಾನದಲ್ಲಿ, “ಅವ್ಳಿಗೆ ಒಂದ್ ಚಮ್ಚ ಸಾಕ್,” ಎಂದರು.