ದಪ್ಪ ಅಂಚಿನ ರೊಟ್ಟಿ

ರೊಟ್ಟಿಯ ಅಂಚು ಒಡೆಯಲು ಶುರುವಾದಾಗ ನಾನು ಮೊದಲು ಹಿಡಿದದ್ದು ಗಿರಣಿಯವನನ್ನು.

ಪುಣೆಯ ಧನಕವಡಿಯಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಕೇಂದ್ರ, ಮನೆಯ ಅಡುಗೆಮನೆಯಲ್ಲೇ ನಡೆಯುವಂಥದ್ದು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದಾಗಿನಿಂದ ನಾನು ಜೋಳದ ರೊಟ್ಟಿ ಬಡಿಯುತ್ತ ಬಂದವಳು. ಜೊತೆಗೆ ಬಡಿಯುವವಳು, ಗಿರಾಕಿಗಳಿಗೆ ಕಟ್ಟಿಕೊಡುವವಳು ಮೈದುನನ ಹೆಂಡತಿ ಸುವರ್ಣಾ. ಚಾಕಣದ ಕಾರ್ಖಾನೆಗಳಿಗೆ ಹೋಗುವ ನಮ್ಮ ಕಡೆಯವರು ಕಂಪನಿ ಬಸ್ಸು ಹಿಡಿಯುವ ಮೊದಲು ಬಂದು ಕಟ್ಟಿಸಿಕೊಂಡು ಹೋಗುತ್ತಾರೆ. ನನ್ನ ರೊಟ್ಟಿಗೆ ಹೆಸರಿತ್ತು. ಇದನ್ನು ನಾನೇ ಹೇಳಿಕೊಳ್ಳಬೇಕು, ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಬಡಿಯುವಾಗ ಹಿಡಿದುಕೊಳ್ಳುವುದಿಲ್ಲ, ಅಂಚು ಸೀಳುತ್ತದೆ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಅದಕ್ಕೇ ಗಿರಣಿಯವನು ಹೊಸ ಜೋಳಕ್ಕೆ ಹಳೆಯದನ್ನು ಬೆರೆಸುತ್ತಿದ್ದಾನೆ ಅಂತ ಖಾತ್ರಿ ಮಾಡಿಕೊಂಡೆ. ಹೋಗಿ ಜಗಳ ತೆಗೆದೆ.

"ತಾಈ, ಪೀಠ ಚಾಂಗಲಂಚ ಆಹೆ," ಅಂದ ಅವನು. ಹಿಟ್ಟು ಚೆನ್ನಾಗಿಯೇ ಇದೆಯಂತೆ.

"ಚಾಂಗಲ? ಫೋಟೊ ತೋರಸ್ತೀನಿ ತಡಿ," ಅಂತ ಕನ್ನಡದಲ್ಲೇ ಅಂದು ಬಂದೆ.

ಅವತ್ತಿನಿಂದ ಶುರುವಾಯಿತು ಫೋಟೊ. ಪ್ರತಿದಿನ ಬೆಳಿಗ್ಗೆ ನಾನು ಬಡಿದ ಮೊದಲ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಹೊಡೆಯುವುದು. ಸಾಕ್ಷಿಗೆ. ಒಂದು ಕಡೆ ತೆಳು, ಒಂದು ಕಡೆ ದಪ್ಪ, ದಪ್ಪ ಕಡೆ ಸೀಳು. ಗಿರಣಿ ಬದಲಿಸಿದೆ. ಜೋಳ ಬದಲಿಸಿದೆ. ಊರಿಂದಲೇ ಹಿಟ್ಟು ತರಿಸಿದೆ. ಫೋಟೊ ಹೊಡೆಯುತ್ತಲೇ ಹೋದೆ.

ಆದರೆ ಅದೇ ಹಿಟ್ಟಿನಲ್ಲಿ ಸುವರ್ಣಾಳ ರೊಟ್ಟಿ ದುಂಡಗೆ, ತೆಳ್ಳಗೆ ಬರುತ್ತಿತ್ತು.

ಆಗ ನನ್ನ ಸಂಶಯ ಗಿರಣಿ ಬಿಟ್ಟು ಮನೆಯೊಳಗೆ ಬಂತು. ಬಿಸಿ ಬಿಸಿ ನಾದಿದ ಹಿಟ್ಟನ್ನು ಅವಳು ಮೊದಲು ತೆಗೆದುಕೊಳ್ಳುತ್ತಾಳೆ, ಆರಿದ್ದನ್ನು ನನ್ನ ಕಡೆ ತಳ್ಳುತ್ತಾಳೆ ಅನಿಸಿತು. ಆರಿದ ಹಿಟ್ಟೂ ಸೀಳುತ್ತದೆ. ಎರಡು ಮುದ್ದೆ ಮಾಡಿ, ನನ್ನದನ್ನು ನಾನೇ ನಾದಿಕೊಂಡೆ. ಅದೂ ಸೀಳಿತು. ನಾದುವಾಗ ಎಡಗೈ ಭಾರವಾಗುತ್ತಿತ್ತು, ಆದರೆ ಕೈಯ ಮೇಲೆ ಯಾರಿಗಾದರೂ ಸಂಶಯ ಬರುತ್ತದೆಯೇ? ನನಗಂತೂ ಬರಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಬಂದಿದ್ದರೆ ಲಟ್ಟಣಿಗೆ ಹಾರುತ್ತಿತ್ತು.

ಒಂದು ದಿನ ನಮ್ಮ ಯಜಮಾನರು, ಸ್ವಾರಗೇಟ ಹತ್ತಿರದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು: "ನನ್ನ ಮೊಣಕಾಲ ಭಾಳ ನೋಯಾಕತ್ತೇದ. ದವಾಖಾನಿಗೆ ಹೋಗಿ ಬರೂಣು, ನೀನೂ ಬಾ."

ಮೂವತ್ತು ವರ್ಷದಲ್ಲಿ ಈ ಮನುಷ್ಯ ದವಾಖಾನೆಗೆ ನನ್ನನ್ನು ಜೊತೆಗೆ ಕರೆದವರಲ್ಲ. ಆದರೂ ಹೋದೆ. ಕುರ್ಚಿಗಳ ಸಾಲಿನಲ್ಲಿ ಕೂತೆವು. ಅವರು ಮೊಣಕಾಲು ಒತ್ತಿಕೊಳ್ಳುವ ನಾಟಕವನ್ನೂ ಮಾಡಲಿಲ್ಲ. ನರ್ಸ್ ಬಂದು ಕೂಗಿದಳು.

ಕೂಗಿದ್ದು ನನ್ನ ಹೆಸರು.

ಸಿಟ್ಟಿಗೆ ಅಲ್ಲೇ ಎದ್ದು ಹೊರಡಬೇಕೆಂದೆ. ಅವರು ಸೆರಗು ಹಿಡಿದುಕೊಂಡರು. ನಾಲ್ಕು ಜನರ ಎದುರು ಸೆರಗು ಹಿಡಿದ ಗಂಡಸನ್ನು ಏನು ಮಾಡುತ್ತೀರಿ? ಒಳಗೆ ಹೋದೆ.

ನ್ಯೂರಾಲಜಿಸ್ಟ್ ಇನ್ನೂ ಸಣ್ಣ ವಯಸ್ಸಿನ ಹೆಂಗಸು. ಹೆಬ್ಬೆರಳಿಗೆ ತೋರುಬೆರಳು ಬೇಗ ಬೇಗ ತಟ್ಟಿಸಿದರು. ಬಲಗೈ ತಟ್ಟಿತು. ಎಡಗೈ ನಾಲ್ಕು ಸಲ ತಟ್ಟಿ, ಬೆರಳಿನ ಚಲನೆ ಸಣ್ಣದಾಗುತ್ತ ನಿಂತೇ ಹೋಯಿತು. ಕಾರಿಡಾರಿನಲ್ಲಿ ನಡೆಸಿದರು. ಎಡಗೈ ಬೀಸುವುದಿಲ್ಲ, ಸೊಂಟಕ್ಕೆ ಅಂಟಿಕೊಂಡೇ ಬರುತ್ತದೆ ಅಂದರು. ಮಣಿಕಟ್ಟು ತಿರುಗಿಸಿ ನೋಡಿ "ರಿಜಿಡಿಟಿ" ಅಂತ, ಅಂದರೆ ಬಿಗಿತ ಅಂತ ಬರೆದರು.

"ಮಾವಶಿ, ಇದು ಯಾವಾಗಿನಿಂದ?" ಮರಾಠಿಯಲ್ಲಿ ಕೇಳಿದರು.

ನನ್ನ ಕೈಯಲ್ಲಿ ದೋಷವಿಲ್ಲ, ದೋಷ ಹಿಟ್ಟಿನದು ಅಂತ ಸಾಬೀತು ಮಾಡಲು ಮೊಬೈಲು ಕೊಟ್ಟೆ. ಅವರು ಒಂದೊಂದೇ ಫೋಟೊ ಸರಿಸುತ್ತ ಹೋದರು. ಕೆಂಪು ಡಬ್ಬಿ ಪಕ್ಕದಲ್ಲಿರುವುದು ಮೊದಲ ಗಿರಣಿಯ ಹಿಟ್ಟು, ಬಿಳಿ ಚೀಲದ್ದು ಎರಡನೆಯದು, ಇದು ಊರಿನದು ಅಂತ ನಾನು ತೋರಿಸುತ್ತಿದ್ದೆ.

"ಹಿಟ್ಟು ಬದಲಾಗಿದೆ," ಅಂದರು ಅವರು. "ರೊಟ್ಟಿ ಮಾತ್ರ ಬದಲಾಗಿಲ್ಲ. ಎಲ್ಲದರಲ್ಲೂ ಅದೇ ಕಡೆ ದಪ್ಪ."

ಬಡಿಯುವುದು ಬಲಗೈ. ಆದರೆ ರೊಟ್ಟಿಯನ್ನು ತಿರುಗಿಸುವುದು, ಅಂಚು ಕಾಯುವುದು ಎಡಗೈ. ಇಷ್ಟು ವರ್ಷ ರೊಟ್ಟಿ ಮಾಡುವುದು ಬಲಗೈ ಅಂತಲೇ ನಾನು ತಿಳಿದಿದ್ದೆ. ಎಡಗೈ ಸುಮ್ಮನೆ ತನ್ನ ಕೆಲಸ ಮಾಡುತ್ತಿತ್ತು. ಸುಮ್ಮನೆ ಬಿಟ್ಟೂ ಬಿಟ್ಟಿತ್ತು.

ಪಾರ್ಕಿನ್‌ಸನ್ಸ್.

ಎಂಆರ್‌ಐ ಮಾಡಿಸಿದರು. ರಿಪೋರ್ಟ್ ನಾರ್ಮಲ್ ಬಂತು. ನಾರ್ಮಲ್ ಬಂದರೂ ರೋಗ ಇದೆಯಂತೆ! ಇದ್ಯಾವ ನ್ಯಾಯ? ಈ ಕಾಯಿಲೆ ಆ ಫಿಲ್ಮಿನಲ್ಲಿ ಕಾಣುವುದಿಲ್ಲ, ಕೈಕಾಲು ನೋಡಿಯೇ ತಿಳಿಯುತ್ತೇವೆ ಅಂತ ಡಾಕ್ಟರ್ ಸಮಾಧಾನದಿಂದ ಹೇಳಿದರು. ನಾನು ನಂಬಲಿಲ್ಲ. ಮಾತ್ರೆ ನುಂಗಿದೆ, ನಂಬದೆಯೇ ನುಂಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ಇಲ್ಲಿ ಪ್ರತ್ಯಕ್ಷವೇ ಇಲ್ಲ.

ಅದಾದಮೇಲೆ ಮನೆಯೇ ಬೇರೆಯಾಯಿತು. ನಾನು ಅಡುಗೆಮನೆಗೆ ಹೋದರೆ ಮಾತು ನಿಲ್ಲುತ್ತಿತ್ತು. ಸುವರ್ಣಾ ಏನನ್ನೋ ಬಟ್ಟೆಯಿಂದ ಮುಚ್ಚುತ್ತಿದ್ದಳು. ಯಜಮಾನರು ಮೊಬೈಲಿನಲ್ಲಿ ರೊಟ್ಟಿ ಮಷೀನಿನ ವಿಡಿಯೊ ನೋಡುತ್ತಿದ್ದುದನ್ನು ನಾನೇ ಕಂಡೆ. ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುವ ಹುನ್ನಾರ ಇದು ಅಂತ ಎದೆ ಉರಿಯಿತು. ಮಗ ಮಗಳು ಇಲ್ಲದವಳು ನಾನು. ಆ ಒಲೆಯ ಮುಂದಿನ ಜಾಗ ಒಂದೇ ಈ ಊರಿನಲ್ಲಿ ನನ್ನದು. ಅದೂ ಹೋದರೆ ನಾನು ಯಾರು?

ಅದಕ್ಕೇ ಫೋಟೊ ಬಿಡಲಿಲ್ಲ. ಈಗ ಗಿರಣಿಯವನಿಗಾಗಿ ಅಲ್ಲ, ಇವರನ್ನು ಹಿಡಿಯಲು. ಮಾತ್ರೆಯ ಡಬ್ಬಿ, ಫ್ರಿಜ್ಜಿನ ಒಳಗು, ಕಟ್ಟೆ, ಊಟದ ತಟ್ಟೆ, ಮುಚ್ಚಿಟ್ಟ ಪಾತ್ರೆ, ಎಲ್ಲವನ್ನೂ ಹೊಡೆದೆ. ಕೈ ಅಲುಗಿ ಅರ್ಧಕ್ಕರ್ಧ ಮಸುಕು. ಸುವರ್ಣಾ ಮೈದುನನಿಗೆ, "ಅಕ್ಕಾರಿಗೆ ಫೋಟೊದ ಹುಚ್ಚು ಹತ್ತೇದ್ರಿ," ಅಂದದ್ದು ಕೇಳಿಸಿತು. ಹತ್ತಲಿ ಅಂದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದರು. ಮನೆ ಮುಂದಿನ ಗ್ಯಾಲರಿಯಲ್ಲಿ ಒಣಗಿದ ಬಟ್ಟೆಗಳ ನಡುವೆ ಕೂತು ಫೋಟೊಗಳನ್ನು ಮೊದಲಿನಿಂದ ನೋಡುತ್ತ ಬಂದೆ. ಅಲ್ಲಿಯತನಕ ನಾನು ನೋಡುತ್ತಿದ್ದುದು ನಡುವಿನ ರೊಟ್ಟಿಯನ್ನು ಮಾತ್ರ. ಅವತ್ತು ಬೆರಳಿನಿಂದ ದೊಡ್ಡದು ಮಾಡಿ ಮೂಲೆಗಳನ್ನು ನೋಡಿದೆ. ಒಂದರಲ್ಲಿ ಹಾಲು ಉಕ್ಕುತ್ತಿದೆ, ಯಾರೂ ನೋಡುತ್ತಿಲ್ಲ. ಒಂದರಲ್ಲಿ ಕಿಟಕಿಯ ಬಿಸಿಲು ಹಿಟ್ಟಿನ ಧೂಳಿನ ಮೇಲೆ ಬಿದ್ದಿದೆ, ಅಂಥ ಬಿಸಿಲು ನಮ್ಮ ಅಡುಗೆಮನೆಗೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ನೋಡುತ್ತ ನೋಡುತ್ತ ಸ್ವಲ್ಪ ಹೊತ್ತು ಸಂಶಯ ಮರೆತೇ ಹೋಗಿತ್ತು.

ಆಮೇಲೆ ಕಂಡಿತು ನೀಲಿ ಡಬ್ಬಿ.

ಹಿಂದುಗಡೆ, ಸಿಲಿಂಡರಿನ ಪಕ್ಕ. ಮೇಲೆ ಬಟ್ಟೆ. ಬಟ್ಟೆಯ ಕೆಳಗೆ ನನ್ನ ಹಿಂದಿನ ದಿನದ ರೊಟ್ಟಿಯ ಸೀಳಿದ ದಪ್ಪ ಅಂಚು ಇಣುಕುತ್ತಿತ್ತು. ಮುಂದಿನ ಫೋಟೊದಲ್ಲೂ ಅದೇ ಡಬ್ಬಿ. ಅದರ ಮುಂದಿನದರಲ್ಲೂ. ಗಿರಾಕಿಗಳ ಬುಟ್ಟಿಯಲ್ಲಿ ಎಲ್ಲವೂ ಸುವರ್ಣಾಳ ದುಂಡು ರೊಟ್ಟಿ. ಊಟದ ತಟ್ಟೆಗಳ ಫೋಟೊ ತೆರೆದು ನೋಡಿದೆ. ಯಜಮಾನರ ತಟ್ಟೆಯಲ್ಲಿ ದಪ್ಪ ಅಂಚಿನ ರೊಟ್ಟಿ, ಬೇಳೆಯಲ್ಲಿ ನೆನೆಸಿಟ್ಟದ್ದು. ಅವರ ಹಲ್ಲಿಗೆ ಗಟ್ಟಿಯದು ಆಗಿಬರುವುದಿಲ್ಲ. ಸುವರ್ಣಾಳ ತಟ್ಟೆಯಲ್ಲೂ ದಪ್ಪದ್ದೇ. ನನ್ನ ತಟ್ಟೆಯಲ್ಲಿ ಮಾತ್ರ ತೆಳು, ದುಂಡು.

ನೀಲಿ ಡಬ್ಬಿ ಮೊದಲು ಕಂಡ ಫೋಟೊ ಡಾಕ್ಟರ್ ಹೇಳುವುದಕ್ಕೆ ಎಷ್ಟೋ ಮೊದಲಿನದು. ನಾನು ಗಿರಣಿಯವನ ಜೊತೆ ಜಗಳಾಡುತ್ತಿದ್ದ ದಿನಗಳದ್ದು.

ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂಬ ನನ್ನ ಸಂಶಯ ನಿಜವೇ ಆಗಿತ್ತು. ಮುಚ್ಚಿಟ್ಟದ್ದು ನನ್ನ ರೊಟ್ಟಿಯನ್ನು.

ಯಜಮಾನರನ್ನೂ ಸುವರ್ಣಾಳನ್ನೂ ಎಬ್ಬಿಸಿದೆ. ಮೊಬೈಲು ಮುಂದೆ ಹಿಡಿದೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಕೇಳ್ತಿದ್ರೇನ್ರಿ ಅಕ್ಕಾ?" ಸುವರ್ಣಾ ಕಣ್ಣುಜ್ಜಿಕೊಂಡು ಅಂದಳು. "ಹಿಟ್ಟು, ಗಿರಣಿ, ಆಮ್ಯಾಲ ನಾನು. ಎಲ್ಲಾರ ಮ್ಯಾಲೂ ಹಾಕಿದ್ರಿ. ಗಿರಾಕಿ ಏನರ ಅಂದಿದ್ರ ನೀವು ರೊಟ್ಟಿ ಬಡಿಯೂದ ಬಿಡ್ತಿದ್ರಿ."

"ಮತ್ತ ಮಷೀನ?" ಯಜಮಾನರ ಕಡೆ ತಿರುಗಿದೆ.

"ನೋಡೀನಿ. ಹೌದು," ಅಂದರು. "ನಿನ್ನ ಎಬ್ಬಿಸಾಕಲ್ಲ. ನಿನ್ನ ಕೈ ಪೂರ್ತಿ ನಿಂತರ ನೀ ಹ್ಯಾಂಗ ಇರ್ತಿ ಅಂತ ಹೆದರಿಕಿ ಆಗಿತ್ತು." ಹೊದಿಕೆ ಮಡಚುತ್ತ, "ದಪ್ಪ ರೊಟ್ಟಿ ಹೊಟ್ಟಿಗೆ ತಡೀತದ, ಛಲೋನ ಅದ," ಅಂದರು.

ಸುಳ್ಳು. ಛಲೋ ಇಲ್ಲದ್ದಕ್ಕೇ ಬೇಳೆಯಲ್ಲಿ ನೆನೆಸಿದ್ದು.

ನನಗೆ ಆಗ ಸಂತೋಷವಾಗಲಿಲ್ಲ, ಇದನ್ನು ಸ್ಪಷ್ಟ ಬರೆಯುತ್ತೇನೆ. ಸಿಟ್ಟು ಬಂತು. ನನ್ನ ಕೈಯ ಸುದ್ದಿ ನನಗಿಂತ ಮೊದಲು ಮನೆಯವರ ಹೊಟ್ಟೆಗೆ ಹೋಗಿತ್ತು, ನಾನೊಬ್ಬಳೇ ಹೊರಗಿನವಳಂತೆ ಒಳ್ಳೆಯ ರೊಟ್ಟಿ ತಿನ್ನುತ್ತ ಕೂತಿದ್ದೆ. ಸಿಟ್ಟಿನ ಜೊತೆಗೇ ಅಳುವೂ ಬಂತು. ಆ ದಪ್ಪ ರೊಟ್ಟಿಗಳನ್ನು ಯಾರೂ ದನಕ್ಕೆ ಹಾಕಿರಲಿಲ್ಲ, ಚೆಲ್ಲಿರಲಿಲ್ಲ. ದಿನ ದಿನ ಕೂತು ತಿಂದಿದ್ದರು.

ಈಗ ಮಾತ್ರೆಯಿಂದ ಎಡಗೈ ಸ್ವಲ್ಪ ಸಡಿಲಾಗಿದೆ. ಮಾತ್ರೆಯ ಹೊತ್ತು ತಪ್ಪಿದರೆ ಮತ್ತೆ ಕಟ್ಟಿಗೆ. ಇದು ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಅಂತ ಡಾಕ್ಟರ್ ಹೇಳುತ್ತಾರೆ. ಎಷ್ಟು ದಿನ ಅಂದರೆ ನಗುತ್ತಾರೆ. ಆ ನಗುವಿನ ಮೇಲೆ ನನಗೆ ಇನ್ನೂ ಸಂಶಯವಿದೆ. ಗಿರಾಕಿಗಳ ಬುಟ್ಟಿ ಸುವರ್ಣಾಳದು. ಮನೆಯವರ ಊಟಕ್ಕೆ ರೊಟ್ಟಿ ನಾನೇ ಬಡಿಯುತ್ತೇನೆ, ಮಷೀನು ಬಂದಿಲ್ಲ. ಫೋಟೊ ಈಗಲೂ ಹೊಡೆಯುತ್ತೇನೆ, ಆದರೆ ರೊಟ್ಟಿಯನ್ನು ನಡುವೆ ಇಡುವುದಿಲ್ಲ.

ಫೋಟೊ ತೋರಿಸಿ ಕೇಳಿದ ಅವತ್ತು ಸಂಜೆ ಊಟಕ್ಕೆ ಕೂತಾಗ ಸುವರ್ಣಾ ರೂಢಿಯಂತೆ ನನ್ನ ತಟ್ಟೆಗೆ ತೆಳು ರೊಟ್ಟಿ ಹಾಕಲು ಬಂದಳು. ತಟ್ಟೆ ಹಿಂದಕ್ಕೆ ಎಳೆದುಕೊಂಡೆ.

"ನಂದು ಹಾಕು."

ನೀಲಿ ಡಬ್ಬಿಯ ಬಟ್ಟೆ ತೆಗೆದು ಹಾಕಿದಳು. ಇಬ್ಬರೂ ನನ್ನ ಬಾಯಿ ನೋಡುತ್ತ ಕೂತರು. ದಪ್ಪ ಅಂಚನ್ನು ಮುರಿದು, ಬೇಳೆಗೆ ಅದ್ದದೆ, ಹಾಗೇ ಬಾಯಿಗಿಟ್ಟುಕೊಂಡೆ. ಗಟ್ಟಿಯಿತ್ತು. ಬಹಳ ಹೊತ್ತು ಅಗಿಯಬೇಕಾಯಿತು.

ಹಿಟ್ಟಿನಲ್ಲಿ ಏನೂ ದೋಷವಿರಲಿಲ್ಲ.