ಏಳು ಸಮುದ್ರದಾಚೆಯ ನುಚ್ಚು

ತಳ ಹತ್ತಿದ ನುಚ್ಚಿನ ವಾಸನೆ ಇನ್ನೂ ಮನೆ ತುಂಬ ಇದೆ. ತಪ್ಪು ನನ್ನದೇ. ಒಲೆಯ ಮೇಲಿಟ್ಟು, ಫೋನಿನಲ್ಲಿ ಸಂಪಾದಕರ ಜೊತೆ ವಾದಕ್ಕೆ ನಿಂತುಬಿಟ್ಟೆ. ವಾದ ಯಾವುದರದು ಅಂತೀರಿ? ಅದೇ ನುಚ್ಚಿನದು! ನಾನು ಬರೆದಿರುವ ಮಾಯಾಲೋಕದ ಕಾದಂಬರಿಯಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ, ರಾಕ್ಷಸನ ಕೋಟೆಯ ಮುಂದೆ ಕುಳಿತು ಜೋಳದ ನುಚ್ಚು, ಮಜ್ಜಿಗೆ ಉಣ್ಣುತ್ತಾನೆ. "ಅಲ್ಲಿ ಜೋಳ ಬೆಳೆದವರ್ಯಾರು? ಎಮ್ಮೆ ಕಟ್ಟಿದವರ್ಯಾರು? ತೆಗೆದು ಮೃಷ್ಟಾನ್ನ ಹಾಕಿ, ನಾಳೆ ಪುಸ್ತಕ ಅಚ್ಚಿಗೆ ಹೋಗಬೇಕು" ಎಂದರು. ರಾಕ್ಷಸನನ್ನು ನಂಬಿದ ಪುಣ್ಯಾತ್ಮರಿಗೆ ಎಮ್ಮೆಯನ್ನು ನಂಬಲಾಗಲಿಲ್ಲ.

ಆ ನುಚ್ಚು ನನಗೆ ಬಂದದ್ದು ಅವ್ವನ ಕಥೆಗಳಿಂದ. ನಾನು ಚಿಕ್ಕವಳಿದ್ದಾಗ ಅಕ್ಕಿಆಲೂರಿನ ಮನೆಯಲ್ಲಿ ತುತ್ತಿಗೊಂದು ಮಾತಿನಂತೆ ಕಥೆ ಹೇಳುತ್ತಿದ್ದಳು. ತುತ್ತು ನುಂಗಿದರಷ್ಟೇ ಕಥೆಯ ಕುದುರೆ ಮುಂದೆ ಹೋಗುವುದು. ಯಾವ ಕಥೆಯಾದರೂ ರಾಜಕುಮಾರನ ಊಟ ಮಾತ್ರ ನುಚ್ಚು. ನಾನೆಂಥ ಹುಚ್ಚಿ ಎಂದರೆ, ಆಡೂರಿನ ಮದುವೆಯೊಂದರಲ್ಲಿ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು, "ನನಗ ನುಚ್ಚ ನೀಡ್ರಿ, ಅರಸರ ಮಂದಿ ಹೋಳಿಗಿ ಉಣ್ಣೂದಿಲ್ಲ" ಎಂದಿದ್ದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಸೆರಗಿನಿಂದ ನನ್ನ ಮೂಗು ಒರೆಸಿದಳು. ಯಾಕೆಂದು ಇವತ್ತು ಬೆಳಿಗ್ಗೆಯವರೆಗೂ ನನಗೆ ತಿಳಿದಿರಲಿಲ್ಲ.

ಫೋನಿಟ್ಟವಳೇ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವನನ್ನು ಕೇಳಿದೆ. "ಯವ್ವಾ, ನಿನ್ನ ರಾಜಕುಮಾರ ಯಾಕ ಯಾವಾಗ್ಲೂ ನುಚ್ಚ ಉಣ್ತಿದ್ದ?"

"ಮತ್ತೇನ್ ಉಣ್ಬೇಕಿತ್ತು?"

"ಅರಸನ ಮಗ ಅಲ್ಲೇನು? ಹೋಳಿಗಿ ಉಣ್ಬಾರದಿತ್ತ?"

ಅವ್ವ ತಲೆ ಎತ್ತಲಿಲ್ಲ. "ಅಂವ ಹೋಳಿಗಿ ಉಂಡಿದ್ರ ನೀನೂ ಹೋಳಿಗಿ ಬೇಡ್ತಿದ್ದಿ. ನಾ ಎಲ್ಲಿಂದ ತರ್ಲಿ? ಗಡಿಗ್ಯಾಗ ಏನಿತ್ತೋ ಅದನ್ನ ಅಂವಗೂ ನೀಡಿದೆ."

ಇಷ್ಟು ವರ್ಷ ನಾನು ಚಪ್ಪರಿಸಿದ್ದು ನುಚ್ಚನ್ನೋ, ಕಥೆಯನ್ನೋ? ಮೋಸ ಮಾಡಿದಳೆಂದು ಸಿಟ್ಟಾಗಲೋ, ಕಾಲು ಹಿಡಿಯಲೋ? ಅಳುವೂ ಬಂತು, ನಗುವೂ ಬಂತು. ಒಂದಂತೂ ಖಾತ್ರಿಯಾಯಿತು: ಇನ್ನು ಆ ನುಚ್ಚನ್ನು ಬ್ರಹ್ಮ ಬಂದು ಹೇಳಿದರೂ ತೆಗೆಯಬಾರದು.

"ಪುಸ್ತಕದಾಗಿಂದ ಅದನ್ನ ತಗೀ ಅಂತಾರ ಯವ್ವಾ. ನಾ ಒಲ್ಲೆ ಅಂತೇನಿ."

"ಯಾಕ ಒಲ್ಲೆ? ತಗೀ" ಎಂದಳು ಅವ್ವ. "ಈಗೇನ್ ಕಡಿಮಿ ಆಗೇತಿ ನಮಗ? ಪಾಪ, ನಮ್ ಸಲುವಾಗಿ ಎಷ್ಟ್ ವರ್ಷ ಅದನ್ನ ಉಂಡಾನ."

ನುಚ್ಚಿಗಾಗಿ ಜಗಳಕ್ಕೆ ನಿಂತಿದ್ದವಳು, ನುಚ್ಚು ಬೇಯಿಸಿದವಳ ಮುಂದೆ ಪೆಚ್ಚಾದೆ. ಕಾದಂಬರಿಯ ಹಾಳೆ ತಂದು ಅಲ್ಲೇ ಕೂತೆ. ಆ ಸಾಲು ಹೊಡೆದುಹಾಕಿ, ರಾಜಕುಮಾರನಿಗೆ ಎರಡು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದೆ. ಬರೆದದ್ದನ್ನು ಓದಿ ಹೇಳಿದೆ.

ಅವ್ವ ಶೇಂಗಾ ಬಿಟ್ಟು ಕೈ ಝಾಡಿಸಿದಳು.

"ಅಂವಗ ಇನ್ನೊಂದ್ ನೀಡವಾ" ಎಂದಳು.