ಇಂದ್ರವ್ವ ಉಳಿಸಿಕೊಂಡ ಕುಣಿಮಗ್ಗ

ಬನಹಟ್ಟಿಯ ಆ ಓಣಿಯ ಮನೆಗಳಿಗೆಲ್ಲ ಪವರ್‌ಲೂಮ್ ಬಂದ ಮೇಲೂ ಇಂದ್ರವ್ವ ತನ್ನ ಕುಣಿಮಗ್ಗ ಬಿಟ್ಟಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿಯುತ್ತ, ಲಾಳಿ ಓಡಿಸುತ್ತ ಸೀರೆ ನೇಯುವುದನ್ನು ತಂದೆಯಿಂದ ಕಲಿತಿದ್ದಳು. ಮನೆಯಲ್ಲಿ ತನ್ನದೆನ್ನಲು ಅವಳಿಗಿದ್ದ ಜಾಗ ಅದೊಂದೇ.

ಐವತ್ತು ದಾಟಿದ ಮೇಲೆ ಬಲಗಾಲು ಕಾಡತೊಡಗಿತು. ಬೆಳಿಗ್ಗೆ ಎದ್ದು ಕಾಲೂರಿದರೆ ಹಿಮ್ಮಡಿಗೆ ಮುಳ್ಳು ಮುರಿದ ಹಾಗೆ. ಬೆರಳ ಬುಡದಲ್ಲಿ ಗಟ್ಟಿ ಆಣಿ. ಗಂಡ ಶಂಕರೆಪ್ಪ ಕೆಟ್ಟವನಲ್ಲ. ಕಾಲಿನಿಂದ ತುಳಿಯುವ ಕೆಲಸ, ಕಾಲಿಗೇ ನೋವು ಎಂದು ಮಗ್ಗ ನಿಲ್ಲಿಸಿದ. ಮಗ ವಿಜಯ ಮೆತ್ತನೆಯ ಚಪ್ಪಲಿ ತಂದ. ಮುಸುರಿ ತಿಕ್ಕುವುದು, ಅರಿವೆ ಒಗೆಯುವುದು, ಕಸ ಹೊಡೆಯುವುದು, ನೀರು ಹೊರುವುದು ಕೆಲಸವೆಂದು ಯಾರಿಗೂ ಹೊಳೆದಿರಲಿಲ್ಲವಾದ್ದರಿಂದ ಅವು ನಿಲ್ಲಲಿಲ್ಲ. ನೋವು ಹೆಚ್ಚಿತು. ದೀಪಾವಳಿಯವರೆಗೆ ಕಾಲು ಸರಿಹೋಗದಿದ್ದರೆ ಕುಣಿ ಮುಚ್ಚಿಸಿ ನೆಲಕ್ಕೆ ಫರಸಿ ಕಲ್ಲು ಹಾಕಿಸುವುದೆಂದು ಶಂಕರೆಪ್ಪ ಹೇಳಿಬಿಟ್ಟ.

ಇಂದ್ರವ್ವ ಮಳೆಗಾಲದಲ್ಲೇ ಅವನನ್ನು ಕರೆದುಕೊಂಡು ಜಮಖಂಡಿಗೆ, ಫಿಜಿಯೋಥೆರಪಿಸ್ಟ್ ವಂದನಾ ಹತ್ತಿರ ಹೋದಳು.

ವಂದನಾ ಮೊದಲು ಅವಳನ್ನು ಕುಕ್ಕರಗಾಲಲ್ಲಿ ಕೂರಿಸಿದಳು. ಬಲ ಹಿಮ್ಮಡಿ ನೆಲಬಿಟ್ಟು ಎದ್ದಿತು. ಚಿಕ್ಕವಳಿದ್ದಾಗ ಆ ಕಾಲಿನ ಪಾದದ ಕೀಲು ಮುರಿದದ್ದು, ಪೂರ್ತಿ ಮಾಯುವ ಮೊದಲೇ ಮನೆಗೆಲಸಕ್ಕೆ ಹತ್ತಿದ್ದು ಆಗ ಹೊರಬಂತು. ಕೀಲು ಮುಂದಕ್ಕೆ ಬಾಗುತ್ತಿಲ್ಲ, ಮೀನಖಂಡ ಬಿಗಿದಿದೆ, ಅದಕ್ಕೇ ನಡೆಯುವಾಗ ಹಿಮ್ಮಡಿ ಬೇಗ ಏಳುತ್ತದೆ. ಭಾರವೆಲ್ಲ ಬೆರಳ ಬುಡಕ್ಕೆ ಬಿದ್ದು ಅಂಗಾಲು ಜಗ್ಗುತ್ತದೆ ಎಂದು ವಂದನಾ ತಿಳಿಸಿದಳು. ದಿನಕ್ಕೆ ಎಷ್ಟು ಹೊತ್ತು ಹೀಗೆ ಕೂರುತ್ತೀರಿ ಎಂದೂ ಕೇಳಿದಳು. ಇಂದ್ರವ್ವ ನಸುಕಿನ ಕಸದಿಂದ ಶುರುಮಾಡಿ ಹೇಳುತ್ತ ಹೋದಳು. ಮಗ್ಗ ಬಿಡಿಸಿದ್ದೇನೆ ಎಂದು ಬಂದಾಗಲೇ ಹೇಳಿದ್ದ ಶಂಕರೆಪ್ಪ ಗೋಡೆ ನೋಡುತ್ತಿದ್ದ.

“ಮಗ್ಗದಾಗ?” ಎಂದಳು ವಂದನಾ.

“ಅಲ್ಲಿ ಆರಾಮ ಕುಂತಿರ್ತೀನ್ರಿ. ಮೈಭಾರ ಕಾಲಿಗೆ ಬೀಳೂದಿಲ್ಲ.”

ವಂದನಾ ಶಂಕರೆಪ್ಪನ ಕಡೆ ತಿರುಗಿದಳು. “ಬಿಡಿಸೂದಿದ್ರ ಮುಸುರಿ ಬಿಡಿಸಬೇಕಿತ್ತಲ್ರಿ.”

ಬಸ್ಸಿನಲ್ಲಿ ಅವನು ಬಹಳ ಯೋಚಿಸಿ ದಾರಿ ಕಂಡುಹಿಡಿದ. “ವಿಜಯಗ ಲಗ್ನ ಮಾಡಿಬಿಟ್ರ ಆತು.”

“ಬರೂ ಸೊಸಿಗೆ ಕಾಲಿಲ್ಲೇನ್ರಿ?” ಎಂದಳು ಇಂದ್ರವ್ವ.

ಮರುದಿನದಿಂದ ಮುಸುರಿ ಅಪ್ಪ-ಮಗನ ಪಾಲಿಗೆ ಬಂತು. ಗಡಿಗೆಗಳ ತಳ ಕರಿ ಉಳಿದರೂ ಅವಳು ಎದ್ದು ಹೋಗಿ ತಿಕ್ಕಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಆ ಹೊತ್ತಿನಲ್ಲಿ ವಂದನಾ ಹೇಳಿಕೊಟ್ಟಂತೆ ಗೋಡೆಗೆ ಕೈಯಾನಿಸಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಮೊಣಕಾಲನ್ನು ಗೋಡೆಯತ್ತ ಬಾಗಿಸುತ್ತಿದ್ದಳು. ಮೊದಮೊದಲು ಮೀನಖಂಡ ಹರಿದುಹೋದಂತೆ ಉರಿಯುತ್ತಿತ್ತು. ದಸರೆಯ ಹೊತ್ತಿಗೆ ಮೊಣಕಾಲು ಗೋಡೆ ಮುಟ್ಟಿತು, ಹಿಮ್ಮಡಿ ಏಳಲಿಲ್ಲ. ಆಣಿ ಇನ್ನೂ ಇತ್ತು, ಮುಂಜಾನೆಯ ಮುಳ್ಳು ಹೋಗಿತ್ತು. ಅಂದೇ ಮಗ್ಗಕ್ಕೆ ಹೊಸ ಹಾಸಿನ ನೂಲು ಹೂಡಿದಳು.

ದೀಪಾವಳಿ ಮುಗಿಯುತ್ತಲೇ ಶಂಕರೆಪ್ಪ ಮೊದಲೇ ಹೇಳಿಟ್ಟಿದ್ದ ಗಾರೆ ಕೆಲಸದ ಗವಂಡಿ ಬಸಗೊಂಡಪ್ಪ ಬಂದು ಯಾವ ಕುಣಿ ಮುಚ್ಚಬೇಕೆಂದು ಕೇಳಿದ. ಇಂದ್ರವ್ವ ಅದೇ ಕುಣಿಯಲ್ಲಿ ಕೂತು ಲಾಳಿ ಒಗೆಯುತ್ತಿದ್ದಳು. ಮುಚ್ಚುವುದೇನೂ ಇಲ್ಲ, ಹಿತ್ತಲಲ್ಲಿ ನಿಂತು ಮುಸುರಿ ತಿಕ್ಕಲು ಒಂದು ಕಟ್ಟೆ ಕಟ್ಟು ಎಂದಳು. ಎಷ್ಟು ಎತ್ತರ ಎಂದ ಬಸಗೊಂಡಪ್ಪ.

ಅವಳು ಲಾಳಿ ನಿಲ್ಲಿಸದೆ ತಲೆಯಿಂದಲೇ ಗಂಡನನ್ನು ತೋರಿಸಿದಳು. “ಅವರ ಅಳತಿ ತಗೋ.”